ಹಳೆಯ ಸರ್ವರ್, ಹೊಸ ಬ್ಯಾಕಪ್ ಕ್ಲೈಂಟ್: ‘ಜಿಲಿಬ್‌ಸಿ 2.14 ಇಲ್ಲ’ ಎಂದಾಗ

ಪ್ರಶ್ನೆ: ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಅಂದರೆ ನಾನೊಬ್ಬನೇ. ನಮ್ಮ ಲೆಕ್ಕಪತ್ರದ ಸಾಫ್ಟ್‌ವೇರ್ 2013ರಿಂದ 64 ಬಿಟ್ ಸೆಂಟ್‌ಒಎಸ್ 6 (ಲಿನಕ್ಸ್‌ನ ಒಂದು ಬಗೆ) ಸರ್ವರ್ ಮೇಲಿದೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ 5.1. ಅದನ್ನು ಬರೆದುಕೊಟ್ಟವರು ಈಗ ಸಂಪರ್ಕಕ್ಕೆ ಸಿಗುತ್ತಿಲ್ಲ, ಹಾಗಾಗಿ ಒಎಸ್ ಬದಲಿಸುವ ಧೈರ್ಯವಿಲ್ಲ. ಈಚೆಗೆ ಹೊಸ ಬ್ಯಾಕಪ್ ಸಾಫ್ಟ್‌ವೇರ್ ಕೊಂಡೆವು. ನಮ್ಮ ಇನ್ನೊಂದು ಸೆಂಟ್‌ಒಎಸ್ 7 ಸರ್ವರ್‌ನಲ್ಲಿ ಅದರ ಕ್ಲೈಂಟ್, ಅಂದರೆ ಪ್ರತಿ ಸರ್ವರ್‌ನಲ್ಲಿ ಹಾಕುವ ಭಾಗ, ಸಲೀಸಾಗಿ ನಡೆಯುತ್ತದೆ. ಹಳೆಯದರಲ್ಲಿ ಮಾತ್ರ ಜಿಲಿಬ್‌ಸಿ ಲೈಬ್ರರಿಯ 2.14 ಸಿಗಲಿಲ್ಲ, 2.17 ಸಿಗಲಿಲ್ಲ, ಜಿಲಿಬ್‌ಸಿಎಕ್ಸ್‌ಎಕ್ಸ್ 3.4.19 ಸಿಗಲಿಲ್ಲ ಎಂದು ಎರರ್ ಕೊಟ್ಟು ನಿಲ್ಲುತ್ತದೆ. ಪರಿಚಯದವರೊಬ್ಬರು ಹೇಳಿದರೆಂದು ಸೆಂಟ್‌ಒಎಸ್ 7ರ ಲಿಬ್‌ಸಿ (ಜಿಲಿಬ್‌ಸಿಯ) ಫೈಲುಗಳನ್ನು ತಂದು ಆಪ್ಟ್ ಫೋಲ್ಡರ್‌ನಲ್ಲಿಟ್ಟು, ಲೈಬ್ರರಿಗಳನ್ನು ಮೊದಲು ಅಲ್ಲೇ ಹುಡುಕು ಎನ್ನುವ ಎಲ್‌ಡಿ ಲೈಬ್ರರಿ ಪಾತ್ ಸಾಲನ್ನು, ಲಾಗಿನ್ ಆದಾಗ ಓದಲಾಗುವ ಪ್ರೊಫೈಲ್ ಫೈಲಿಗೆ ಸೇರಿಸಿದೆ. ಮತ್ತೆ ಲಾಗಿನ್ ಆದರೆ ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆಯೂ ನಡೆಯುತ್ತಿಲ್ಲ. ಅಪ್ಲಿಕೇಶನ್ ಮಾತ್ರ ಇನ್ನೂ ಓಡುತ್ತಿದೆ. ರೀಬೂಟ್ ಮಾಡಲೇ? ಈ ಲೈಬ್ರರಿ ತೊಂದರೆಗೆ ಸರಿಯಾದ ದಾರಿ ಯಾವುದು?

ಉತ್ತರ: ರೀಬೂಟ್ ಮಾಡಬೇಡಿ. ಮೊದಲು ಆ ಯಂತ್ರವನ್ನು ಸರಿಮಾಡಿಕೊಳ್ಳೋಣ, ಬ್ಯಾಕಪ್ಪಿನ ಮಾತು ಆಮೇಲೆ. ಆಜ್ಞೆಗಳ ಹೆಸರನ್ನು ಓದಲು ಸುಲಭವಾಗಲೆಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಿಕೊಳ್ಳಿ.

ಲಾಗಿನ್ ಆದಾಗ ಬ್ಯಾಶ್, ಅಂದರೆ ನೀವು ಟೈಪ್ ಮಾಡಿದ ಆಜ್ಞೆಯನ್ನು ಓದಿ ನಡೆಸುವ ಶೆಲ್, ಬದುಕಿರುತ್ತದೆ, ಏಕೆಂದರೆ ಅದು ಶುರುವಾಗುವಾಗ ಆ ಸಾಲನ್ನು ಇನ್ನೂ ಓದಿರುವುದಿಲ್ಲ. ಓದಿದ ಮೇಲೆ ಅದು ಹುಟ್ಟಿಸುವ ಪ್ರೋಗ್ರಾಮ್‌ಗಳಷ್ಟೇ ಸಾಯುತ್ತವೆ. ಆದ್ದರಿಂದ ‘ಅನ್‌ಸೆಟ್ ಎಲ್‌ಡಿ ಲೈಬ್ರರಿ ಪಾತ್’ ಎಂದು ಕೊಡಿ. ಅನ್‌ಸೆಟ್ ಬ್ಯಾಶ್‌ನೊಳಗೇ ಇರುವ ಆಜ್ಞೆ, ಅದಕ್ಕೆ ಬೇರೆ ಫೈಲಿನ ಹಂಗಿಲ್ಲ. ಅಷ್ಟಾದರೆ ಎಲ್‌ಎಸ್, ವಿಐ ಎಲ್ಲವೂ ಜೀವ ಹಿಡಿಯುತ್ತವೆ. ಆಗ ಪ್ರೊಫೈಲ್‌ನಿಂದ ಆ ಸಾಲನ್ನು ಅಳಿಸಿ. ಈ ಸೆಷನ್ ಮುಚ್ಚುವ ಮೊದಲು ಇನ್ನೊಂದು ಕಿಟಕಿಯಿಂದ ಲಾಗಿನ್ ಆಗಿ, ಎಲ್ಲ ಸರಿಯಿದೆಯೇ ಎಂದು ನೋಡಿ. ಅಪ್ಲಿಕೇಶನ್ ಇನ್ನೂ ಓಡುತ್ತಿರುವುದಕ್ಕೂ ಕಾರಣ ಇದೇ: ನೀವು ಕೈಹಾಕುವ ಮೊದಲೇ ಅದು ತನ್ನ ಲೈಬ್ರರಿಗಳನ್ನು ಮೆಮೊರಿಗೆ ತಂದುಕೊಂಡಿತ್ತು.

ನಿಮ್ಮ ಅದೃಷ್ಟ, ಹೊಸ ಫೈಲುಗಳನ್ನು ಆಪ್ಟ್‌ನಲ್ಲಿಟ್ಟಿರಿ. ಹಿಂದೊಮ್ಮೆ ನಾನು ಲಿಬ್64 ಫೋಲ್ಡರ್‌ಗೇ ಹೋಗಿ, ಲಿಬ್‌ಸಿ.ಎಸ್‌ಒ.6 ಎಂಬ ಸಿಮ್‌ಲಿಂಕನ್ನು (ಇನ್ನೊಂದು ಫೈಲಿನತ್ತ ಕೈತೋರಿಸುವ ಹೆಸರನ್ನು) ಹೊಸ ಫೈಲಿಗೆ ತಿರುಗಿಸಿಬಿಟ್ಟಿದ್ದೆ. ಎಂಟರ್ ಒತ್ತಿದ ಕ್ಷಣದಿಂದ ನಕಲಿಸುವ ಸಿಪಿ ಇಲ್ಲ, ಸರಿಸುವ ಎಂವಿ ಇಲ್ಲ, ಲಿಂಕ್ ಮಾಡುವ ಎಲ್‌ಎನ್ ಇಲ್ಲ. ತಪ್ಪು ತಿದ್ದಲು ಬೇಕಾದ ಆಜ್ಞೆಗಳೆಲ್ಲ ಆ ತಪ್ಪಿನ ಮೇಲೆಯೇ ನಿಂತಿದ್ದವು. ತೆರೆದಿದ್ದ ಒಂದು ರೂಟ್ ಶೆಲ್ ನನ್ನನ್ನು ಉಳಿಸಿತು. ಎಸ್‌ಬಿನ್ ಫೋಲ್ಡರ್‌ನಲ್ಲಿ ಎಸ್‌ಎಲ್‌ಎನ್ ಎಂಬ ಪುಟ್ಟ ಪ್ರೋಗ್ರಾಮ್ ಇದೆ. ಅದು ಯಾವ ಶೇರ್ಡ್ ಲೈಬ್ರರಿಯನ್ನೂ ಕೇಳದೆ ಸಿಮ್‌ಲಿಂಕ್ ಮಾಡಿಕೊಡುತ್ತದೆ, ಜಿಲಿಬ್‌ಸಿಯವರು ಇಂಥ ಹೊತ್ತಿಗೆಂದೇ ಇಟ್ಟಿರುವ ಆಪದ್ಬಾಂಧವ. ಅದೂ ಇಲ್ಲದಿದ್ದರೆ, ಯಾವ ಲೈಬ್ರರಿಯನ್ನು ಮೊದಲು ಏರಿಸಬೇಕೆಂದು ಹೇಳುವ ಎಲ್‌ಡಿ ಪ್ರೀಲೋಡ್‌ಗೆ ಹಳೆಯ ಲಿಬ್‌ಸಿ-2.12.ಎಸ್‌ಒ ಫೈಲಿನ ಪೂರ್ತಿ ವಿಳಾಸ ಕೊಟ್ಟು, ಅದೇ ಸಾಲಿನಲ್ಲಿ ಎಲ್‌ಎನ್ ಓಡಿಸಿ ನೋಡಬಹುದು. ಈ ಎರಡು ಹೆಸರನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ಬೇಕಾಗದಿರಲಿ.

ಈಗ, ಆ ಎರರ್ ಏನು ಹೇಳುತ್ತಿದೆ ಎಂಬುದು.

ಲಿನಕ್ಸ್‌ನಲ್ಲಿ ಬಹುಪಾಲು ಪ್ರೋಗ್ರಾಮ್‌ಗಳು ಎಲ್ಲ ಕೆಲಸವನ್ನೂ ತಾವೇ ಮಾಡುವುದಿಲ್ಲ. ಫೈಲ್ ತೆರೆಯುವುದು, ಮೆಮೊರಿ ಕೇಳುವುದು, ಗಂಟೆ ನೋಡುವುದು ಇತ್ಯಾದಿ ದಿನಬಳಕೆಯ ಕೆಲಸಗಳಿಗೆ ಜಿಲಿಬ್‌ಸಿ ಎಂಬ ಸಾಮಾನ್ಯ ಲೈಬ್ರರಿಯ ಬಾಗಿಲು ತಟ್ಟುತ್ತವೆ. ಆ ಲೈಬ್ರರಿಯ ಪ್ರತಿ ಫಂಕ್ಷನ್‌ಗೂ ಒಂದು ಆವೃತ್ತಿಯ ಚೀಟಿ ಅಂಟಿರುತ್ತದೆ. ನಿಮ್ಮ ಸೆಂಟ್‌ಒಎಸ್ 6ರಲ್ಲಿರುವುದು ಜಿಲಿಬ್‌ಸಿ 2.12, 2010ರದ್ದು. ಸೆಂಟ್‌ಒಎಸ್ 7ರಲ್ಲಿರುವುದು 2.17, 2012ರ ಕೊನೆಯದು. ಹೊಸ ಲೈಬ್ರರಿ ಹಳೆಯ ಚೀಟಿಗಳನ್ನೂ ಉಳಿಸಿಕೊಂಡಿರುತ್ತದೆ, ಹಾಗಾಗಿ ಹಳೆಯ ಪ್ರೋಗ್ರಾಮ್ ಹೊಸ ಯಂತ್ರದಲ್ಲಿ ನಡೆಯುತ್ತದೆ. ತಿರುಗುಮುರುಗಾದರೆ ನಡೆಯದು. ಹೊಸ ನಿಘಂಟಿನಲ್ಲಿ ಹಳೆಯ ಪದಗಳಿರುತ್ತವೆ, ಹಳೆಯದರಲ್ಲಿ ನಾಳೆ ಹುಟ್ಟುವ ಪದ ಎಲ್ಲಿಂದ ಬರಬೇಕು?

ನಿಮಗೆ ಕಂಡ 2.14ರ ಹಿಂದೆ ಒಂದು ಸ್ವಾರಸ್ಯದ ಕಥೆಯಿದೆ, ಸ್ವಲ್ಪ ದಾರಿ ತಪ್ಪಿದರೂ ಹೇಳಿಬಿಡುತ್ತೇನೆ. ಮೆಮ್‌ಸಿಪಿವೈ ಎಂಬ ಫಂಕ್ಷನ್ ಮೆಮೊರಿಯ ಒಂದು ತುಂಡನ್ನು ಇನ್ನೊಂದೆಡೆಗೆ ನಕಲು ಮಾಡುತ್ತದೆ. ಎರಡು ತುಂಡುಗಳು ಒಂದರ ಮೇಲೊಂದು ಬಿದ್ದಿರಬಾರದು ಎಂಬುದು ಅದರ ಕರಾರು. ಕರಾರನ್ನು ಓದದೆ ಬರೆದ ಪ್ರೋಗ್ರಾಮ್‌ಗಳು ವರ್ಷಗಟ್ಟಲೆ ಹೇಗೋ ನಡೆದಿದ್ದವು. 2010ರಲ್ಲಿ ಜಿಲಿಬ್‌ಸಿಯವರು ವೇಗಕ್ಕಾಗಿ ಕೆಲವು ಪ್ರೊಸೆಸರ್‌ಗಳಲ್ಲಿ ನಕಲು ಮಾಡುವ ದಿಕ್ಕನ್ನೇ ಬದಲಿಸಿದರು. ಫೆಡೋರಾ 14ರಲ್ಲಿ ಅಡೋಬ್ ಫ್ಲ್ಯಾಶ್‌ನ ಧ್ವನಿ ಕರ್ಕಶವಾಯಿತು. ತಪ್ಪು ಯಾರದು ಎಂಬ ಜಗಳಕ್ಕೆ ಲೈನಸ್ ಟೋರ್ವಾಲ್ಡ್ಸ್ ಕೂಡ ಇಳಿದು, ಬಳಕೆದಾರರ ಪ್ರೋಗ್ರಾಮ್ ಕೆಡಿಸಬೇಡಿ ಎಂದು ವಾದಿಸಿದರು. ಕೊನೆಗೆ 2011ರ ಜಿಲಿಬ್‌ಸಿ 2.14ರಲ್ಲಿ ರಾಜಿಯಾಯಿತು: ಹೊಸ ಮೆಮ್‌ಸಿಪಿವೈಗೆ 2.14ರ ಚೀಟಿ, ಹಳೆಯ ಚೀಟಿ ಹಿಡಿದು ಬಂದವರಿಗೆ ಹಳೆಯ ಸುರಕ್ಷಿತ ನಡೆ. ಮೆಮ್‌ಸಿಪಿವೈ ಬಳಸದ ಪ್ರೋಗ್ರಾಮ್ ಅಪರೂಪ. ಹೀಗಾಗಿ 2.14 ಅಥವಾ ಅದಕ್ಕಿಂತ ಹೊಸ ಜಿಲಿಬ್‌ಸಿ ಇರುವ ಯಂತ್ರದಲ್ಲಿ ಕಟ್ಟಿದ್ದೆಲ್ಲ ಸೆಂಟ್‌ಒಎಸ್ 6ರಲ್ಲಿ ಮೊದಲು ಮುಗ್ಗರಿಸುವುದು ಈ ಮೆಟ್ಟಿಲಲ್ಲೇ. 2.17ರದ್ದು ಇಷ್ಟು ನಾಟಕೀಯವಲ್ಲ. ಸಮಯ ಓದುವ ಕ್ಲಾಕ್ ಗೆಟ್‌ಟೈಮ್ ಎಂಬ ಫಂಕ್ಷನ್ ಆ ಆವೃತ್ತಿಯಲ್ಲಿ ಲಿಬ್‌ಆರ್‌ಟಿ ಎಂಬ ಬೇರೆ ಲೈಬ್ರರಿಯಿಂದ ಲಿಬ್‌ಸಿಗೆ ಮನೆ ಬದಲಿಸಿತು, ಅಷ್ಟೇ. 3.4.19 ಎಂಬುದು ಸಿ ಪ್ಲಸ್ ಪ್ಲಸ್ ಲೈಬ್ರರಿಯ ಲೆಕ್ಕ. ಸೆಂಟ್‌ಒಎಸ್ 6 ನಿಲ್ಲುವುದು 3.4.13ಕ್ಕೆ, 7 ನಿಲ್ಲುವುದು 3.4.19ಕ್ಕೆ. ಅಂದರೆ ನಿಮ್ಮ ಕ್ಲೈಂಟನ್ನು ಸೆಂಟ್‌ಒಎಸ್ 7 ಅಥವಾ ಅದರ ವಯಸ್ಸಿನ ಯಂತ್ರದ ಅಳತೆಗೇ ಹೊಲಿಯಲಾಗಿದೆ. ಎರರ್ ಓದಿಯೇ ಇಷ್ಟು ಹೇಳಬಹುದು.

ಹಾಗಾದರೆ 2.17ರ ಲಿಬ್‌ಸಿ ತಂದಿಟ್ಟರೂ ಎಲ್ಲ ಮುರಿದುಬಿದ್ದಿದ್ದೇಕೆ? ಲಿಬ್‌ಸಿ ಒಂಟಿಯಲ್ಲ. ಪ್ರೋಗ್ರಾಮನ್ನು ಮೆಮೊರಿಗೆ ಏರಿಸುವ ಲೋಡರ್, ಅಂದರೆ ಎಲ್‌ಡಿ-ಲಿನಕ್ಸ್ ಎಂಬ ಫೈಲು, ಅದರ ಜೋಡಿ. ಇಬ್ಬರ ನಡುವೆ ‘ಜಿಲಿಬ್‌ಸಿ ಪ್ರೈವೇಟ್’ ಎಂಬ ಹೆಸರಿನ ಒಳಗುಟ್ಟಿನ ವ್ಯವಹಾರವಿದೆ, ಅದು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಎಲ್‌ಡಿ ಲೈಬ್ರರಿ ಪಾತ್ ಲಿಬ್‌ಸಿಯನ್ನು ಬದಲಿಸುತ್ತದೆ, ಆದರೆ ಲೋಡರನ್ನು ಬದಲಿಸುವುದಿಲ್ಲ, ಅದರ ವಿಳಾಸ ಪ್ರತಿ ಪ್ರೋಗ್ರಾಮ್‌ನೊಳಗೆ ಕೆತ್ತಿಟ್ಟಂತೆ ಇರುತ್ತದೆ. ಹಳೆಯ ಎತ್ತಿನ ಜೊತೆ ಹೊಸ ಎತ್ತನ್ನು ಒಂದೇ ನೊಗಕ್ಕೆ ಕಟ್ಟಿದಿರಿ, ಗಾಡಿ ಮಗುಚಿತು. ಇನ್ನೂ ಒಂದು ಮಾತು. ಒಂದು ವೇಳೆ ಈ ಉಪಾಯ ಫಲಿಸಿದ್ದರೂ ರಾತ್ರಿಯ ಬ್ಯಾಕಪ್ ಓಡುತ್ತಿರಲಿಲ್ಲ. ಕೆಲಸಗಳನ್ನು ಗೊತ್ತುಮಾಡಿದ ಹೊತ್ತಿಗೆ ಶುರುಮಾಡುವ ಕ್ರಾನ್ ನಿಮ್ಮ ಪ್ರೊಫೈಲ್ ಫೈಲನ್ನು ಓದುವುದೇ ಇಲ್ಲ. ‘ಕೈಯಲ್ಲಿ ಓಡಿಸಿದರೆ ಓಡುತ್ತೆ ಸಾರ್, ರಾತ್ರಿ ಮಾತ್ರ ಓಡಲ್ಲ’ ಎಂದು ನನ್ನ ಬಳಿ ಬರುವ ದೂರುಗಳಲ್ಲಿ ದೊಡ್ಡ ಪಾಲು ಇದೇ.

ಬ್ಯಾಕಪ್ ಪ್ರೋಗ್ರಾಮ್ ಹಳೆಯ ಸರ್ವರ್‌ನಲ್ಲಿ ಏಳದಿದ್ದಾಗ ಎರರ್‌ನ ಮಾತನ್ನು ಅಕ್ಷರಕ್ಷರ ಓದುವುದು ಅರ್ಧ ಕೆಲಸ. ಆವೃತ್ತಿ ಸಿಗಲಿಲ್ಲ ಎಂದರೆ ಲೈಬ್ರರಿ ಇದೆ, ವಯಸ್ಸಾಗಿದೆ. ಶೇರ್ಡ್ ಆಬ್ಜೆಕ್ಟ್ ಫೈಲನ್ನೇ ತೆರೆಯಲಾಗಲಿಲ್ಲ ಎಂದರೆ ಲೈಬ್ರರಿಯೇ ಇಲ್ಲ, ಅಥವಾ ಹುಡುಕುವ ಜಾಗದಲ್ಲಿಲ್ಲ. ಕಣ್ಣೆದುರೇ ಇರುವ ಪ್ರೋಗ್ರಾಮನ್ನು ಓಡಿಸಿದಾಗ ‘ಅಂಥ ಫೈಲ್ ಇಲ್ಲ’ ಎಂದರೆ ಹೊಸಬರಿಗೆ ತಲೆ ಕೆಡುತ್ತದೆ. ಇಲ್ಲದಿರುವುದು ಪ್ರೋಗ್ರಾಮ್ ಅಲ್ಲ, ಅದು ಕೇಳುವ ಲೋಡರ್. 32 ಬಿಟ್ ಕ್ಲೈಂಟನ್ನು 64 ಬಿಟ್ ಯಂತ್ರಕ್ಕೆ ತಂದಾಗ ಹೀಗಾಗುತ್ತದೆ, ಜಿಲಿಬ್‌ಸಿಯ ಐ686 ಪ್ಯಾಕೇಜ್ ಹಾಕಿದರೆ ಈ ದೂರು ನಿಲ್ಲುತ್ತದೆ. ‘ಫೇಟಲ್: ಕರ್ನಲ್ ಟೂ ಓಲ್ಡ್’ (ಲಿನಕ್ಸ್‌ನ ತಿರುಳಾದ ಕರ್ನಲ್‌ಗೇ ವಯಸ್ಸಾಗಿದೆ) ಎಂದು ಬಂದರೆ ಲೈಬ್ರರಿಗಳ ಮಾತು ಅಲ್ಲಿಗೇ ಮುಗಿಯಿತು, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಮೆಮೊರಿಯ ‘ಸೆಗ್ಮೆಂಟ್ ಮ್ಯಾಪ್ ಮಾಡಲಾಗಲಿಲ್ಲ, ಅನುಮತಿಯಿಲ್ಲ’ ಎಂಬರ್ಥದ ಎರರ್ ಬಂದರೆ ಟಿಎಂಪಿ ಫೋಲ್ಡರ್ ನೋಎಕ್ಸೆಕ್ (ಅಲ್ಲಿಂದ ಏನನ್ನೂ ಓಡಿಸುವಂತಿಲ್ಲ) ಎಂದು ಮೌಂಟ್ ಆಗಿದೆಯೇ ನೋಡಿ. ಬೋರ್ಗ್‌ಬ್ಯಾಕಪ್‌ನ ಒಂದೇ ಫೈಲಿನ ಬೈನರಿಯಂಥವು ಶುರುವಾಗುವಾಗ ತಮ್ಮ ಲೈಬ್ರರಿಗಳ ಗಂಟನ್ನು ಅಲ್ಲಿ ಬಿಚ್ಚಿಕೊಳ್ಳುತ್ತವೆ. ಟಿಎಂಪಿಡಿಐಆರ್ ಅನ್ನು ಬೇರೆ ಫೋಲ್ಡರ್‌ಗೆ ತಿರುಗಿಸಿದರೆ ಸಾಕು.

ಪ್ರೋಗ್ರಾಮ್ ಓಡಿಸುವ ಮೊದಲೇ ಅದಕ್ಕೆ ಏನು ಬೇಕೆಂದು ತಿಳಿಯುವ ಉಪಾಯವೂ ಇದೆ. ‘ಆಬ್ಜ್‌ಡಂಪ್’ಗೆ ಹೈಫನ್ ದೊಡ್ಡ ಟಿ ಕೊಟ್ಟು, ಬಂದದ್ದರಲ್ಲಿ ಜಿಲಿಬ್‌ಸಿ ಎಂಬ ಪದವನ್ನು ಗ್ರೆಪ್ ಮಾಡಿ (ಹುಡುಕಿ), ಜಿಲಿಬ್‌ಸಿಎಕ್ಸ್‌ಎಕ್ಸ್ ಸಾಲುಗಳನ್ನು ಬಿಟ್ಟು ಉಳಿದ ಆವೃತ್ತಿಗಳಲ್ಲಿ ಅತಿ ದೊಡ್ಡದನ್ನು ನೋಡಿ. ಅದು 2.12ಕ್ಕಿಂತ ಹೆಚ್ಚಿದ್ದರೆ ನಿಮ್ಮ ಯಂತ್ರಕ್ಕೆ ಆಗದು. ‘ರೀಡ್‌ಎಲ್ಫ್’ ಹೈಫನ್ ಡಿ ಎಂದರೆ ಬೇಕಾದ ಲೈಬ್ರರಿಗಳ ಹೆಸರುಗಳು ಸಿಗುತ್ತವೆ. ಇದಕ್ಕೇ ಎಲ್ಲರೂ ಎಲ್‌ಡಿಡಿ ಎಂಬ ಆಜ್ಞೆ ಬಳಸುತ್ತಾರೆ, ನಾನೂ ಬಳಸುತ್ತೇನೆ. ಆದರೆ ಎಲ್ಲಿಂದಲೋ ಇಳಿಸಿಕೊಂಡ ಅಪರಿಚಿತ ಬೈನರಿಯ ಮೇಲೆ, ಅದರಲ್ಲೂ ರೂಟ್ ಆಗಿ, ಎಲ್‌ಡಿಡಿ ಬೇಡ. ಕೆಲವು ಸಂದರ್ಭಗಳಲ್ಲಿ ಅದು ಆ ಪ್ರೋಗ್ರಾಮನ್ನೇ ಓಡಿಸಿಬಿಡಬಹುದು.

ಸಿಮ್‌ಲಿಂಕ್ ಚಮತ್ಕಾರದ ಬಗ್ಗೆಯೂ ಇಲ್ಲೇ ಹೇಳುತ್ತೇನೆ, ಏಕೆಂದರೆ ಲಿಬ್‌ಸಿ ಉಪಾಯ ಹೇಳಿಕೊಟ್ಟವರು ಮುಂದಿನ ಸಲ ಇದನ್ನು ಹೇಳಿಕೊಡುತ್ತಾರೆ. ಕ್ಲೈಂಟ್ ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1 ಎಂಬ ಎನ್‌ಕ್ರಿಪ್ಶನ್ ಲೈಬ್ರರಿ ಕೇಳುತ್ತದೆ, ಯಂತ್ರದಲ್ಲಿ ಲಿಬ್‌ಎಸ್‌ಎಸ್‌ಎಲ್.ಎಸ್‌ಒ.10 ಇದೆ, ಅದಕ್ಕೇ ಆ ಹೆಸರಿನ ಸಿಮ್‌ಲಿಂಕ್ ಹಾಕಿ, ಎನ್ನುತ್ತಾರೆ. ಸೆಂಟ್‌ಒಎಸ್ ಸೇರಿರುವ ರೆಡ್ ಹ್ಯಾಟ್ ಕುಟುಂಬದಲ್ಲಿ .10 ಎಂಬುದು ಓಪನ್‌ಎಸ್‌ಎಸ್‌ಎಲ್ 1.0 ಸರಣಿಯ ಹೆಸರು. 2016ರ 1.1.0ರಲ್ಲಿ ಒಳಗಿನ ರಚನೆಗಳನ್ನೇ ಬದಲಿಸಿ ಹೊರಗಿನವರ ಕಣ್ಣಿಗೆ ಬೀಳದಂತೆ ಮುಚ್ಚಿದರು. ಹೆಸರು ಬದಲಿಸಿದರೆ ಒಳಗಿನದು ಬದಲಾಗುತ್ತದೆಯೇ? ಹೆಚ್ಚಿನ ಸಲ ಪ್ರೋಗ್ರಾಮ್ ಅಲ್ಲೇ ಬೀಳುತ್ತದೆ, ಒಳ್ಳೆಯದೇ ಆಯಿತು. ಬೀಳದೆ ಎದ್ದು ಕುಳಿತರೆ ನನಗೆ ಭಯ. ಬೇರೆ ಯಾವ ಸಾಫ್ಟ್‌ವೇರ್ ತಪ್ಪು ಲೈಬ್ರರಿಯ ಮೇಲೆ ಕುಂಟಿದರೂ ಆ ದಿನವೇ ಗೊತ್ತಾಗುತ್ತದೆ. ಬ್ಯಾಕಪ್ ಕುಂಟಿದ್ದು ಗೊತ್ತಾಗುವುದು ಡಿಸ್ಕ್ ಸತ್ತ ದಿನ.

ಈಗ ದಾರಿ. ಹಳೆಯ ಯಂತ್ರಕ್ಕೆ ಹೊಸ ಲೈಬ್ರರಿ ತರುವ ಯೋಚನೆ ಬಿಡಿ, ಬ್ಯಾಕಪ್ಪಿನ ಭಾರವನ್ನೇ ಆ ಯಂತ್ರದಿಂದ ಆಚೆ ಇಡಿ. ನಿಮ್ಮಲ್ಲಿ ಅದಕ್ಕೆ ಬೇಕಾದ ಎಲ್ಲವೂ ಆಗಲೇ ಇದೆ: ಕೊಂಡ ಕ್ಲೈಂಟ್ ನಡೆಯುವ ಸೆಂಟ್‌ಒಎಸ್ 7 ಸರ್ವರ್ ಇದೆ, ಹಳೆಯದರಲ್ಲಿ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮತ್ತು ಫೈಲುಗಳನ್ನು ನಕಲಿಸುವ ಆರ್‌ಸಿಂಕ್ ಇವೆ. ಹೊಸ ಸರ್ವರ್ ರಾತ್ರಿ ಹಳೆಯದರ ಡೇಟಾವನ್ನು ತನ್ನ ಕಡೆ ಎಳೆದುಕೊಳ್ಳಲಿ, ಎಳೆದಿಟ್ಟ ಫೋಲ್ಡರನ್ನು ನಿಮ್ಮ ಬ್ಯಾಕಪ್ ಕ್ಲೈಂಟ್ ನೋಡಿಕೊಳ್ಳಲಿ. ಕೊಟ್ಟ ಹಣವೂ ದಂಡವಾಗಲಿಲ್ಲ. ಸೆಂಟ್‌ಒಎಸ್ 6ರ ಆರ್‌ಸಿಂಕ್ 3.0.6 ಹಳೆಯದಾದರೂ ಚಿಂತೆಯಿಲ್ಲ. ಎರಡು ತುದಿಯ ಆರ್‌ಸಿಂಕ್‌ಗಳು ಮಾತು ಶುರುಮಾಡುವ ಮೊದಲೇ ಇಬ್ಬರಿಗೂ ಬರುವ ಪ್ರೊಟೊಕಾಲ್ ಯಾವುದೆಂದು ತೀರ್ಮಾನಿಸಿಕೊಳ್ಳುತ್ತವೆ. ಶೇರ್ಡ್ ಲೈಬ್ರರಿಗಳ ನಡುವೆ ಇಲ್ಲದ ಸೌಜನ್ಯ ಇದು. ಎ, ದೊಡ್ಡ ಎಚ್, ದೊಡ್ಡ ಎ, ದೊಡ್ಡ ಎಕ್ಸ್ ಆಯ್ಕೆಗಳ ಜೊತೆ ‘ನ್ಯೂಮರಿಕ್-ಐಡಿಸ್’ ಮರೆಯಬೇಡಿ. ಎರಡು ಸರ್ವರ್‌ಗಳಲ್ಲಿ ಒಂದೇ ಬಳಕೆದಾರನ ಸಂಖ್ಯೆ ಬೇರೆ ಬೇರೆ ಇರಬಹುದು. ಹೆಸರು ಹಿಡಿದು ನಕಲು ಮಾಡಿದರೆ ರಿಸ್ಟೋರ್ ದಿನ ಮೈಎಸ್‌ಕ್ಯೂಎಲ್‌ನ ಫೈಲುಗಳು ಇನ್ಯಾರದೋ ಹೆಸರಿನಲ್ಲಿ ಕೂತಿರಬಹುದು.

ಎಳೆಯುವ ಯಂತ್ರವಾಗಿ ಸೆಂಟ್‌ಒಎಸ್ 7ರಲ್ಲಿ ಒಂದು ಅನುಕೂಲವಿದೆ. ಅದರ ಓಪನ್‌ಎಸ್‌ಎಸ್‌ಎಚ್ 7.4 ನಿಮ್ಮ ಹಳೆಯ 5.3ರ ಜೊತೆ ತಕರಾರಿಲ್ಲದೆ ಮಾತಾಡುತ್ತದೆ. ಮುಂದೆ ಡೆಬಿಯನ್ 12ರಂಥ ಹೊಸ ಲಿನಕ್ಸ್‌ಗೆ ಹೋದಾಗ, ಹೋಸ್ಟ್ ಕೀ ಹೊಂದಲಿಲ್ಲ, ಎದುರಿನವರು ಎಸ್‌ಎಸ್‌ಎಚ್-ಆರ್‌ಎಸ್‌ಎಯಂಥ ಹಳೆಯದನ್ನು ಮಾತ್ರ ಕೊಡುತ್ತಿದ್ದಾರೆ ಎಂಬ ತಡೆ ಬರುತ್ತದೆ. 2021ರ ಓಪನ್‌ಎಸ್‌ಎಸ್‌ಎಚ್ 8.8ರಿಂದ ಶಾ-1 ಸಹಿಯ ಆ ಹಳೆಯ ಪದ್ಧತಿಯನ್ನು ತಾನಾಗಿ ಒಪ್ಪುವುದಿಲ್ಲ. ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ಈ ಒಂದು ಸರ್ವರ್‌ನ ಹೆಸರಿನ ಕೆಳಗೆ ಮಾತ್ರ ಹೋಸ್ಟ್‌ಕೀ ಆಲ್ಗಾರಿದಮ್ಸ್ ಮತ್ತು ಪಬ್‌ಕೀ ಅಕ್ಸೆಪ್ಟೆಡ್ ಆಲ್ಗಾರಿದಮ್ಸ್ ಎರಡಕ್ಕೂ ಪ್ಲಸ್ ಚಿಹ್ನೆಯೊಂದಿಗೆ ಎಸ್‌ಎಸ್‌ಎಚ್-ಆರ್‌ಎಸ್‌ಎ ಸೇರಿಸಿ. ಇಡೀ ಯಂತ್ರಕ್ಕೆ ಸಡಿಲ ಮಾಡಬೇಡಿ. ಆರ್‌ಎಚ್‌ಇಎಲ್ (ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್) 9 ಕುಟುಂಬದಲ್ಲಿ ಶಾ-1 ಸಹಿಯನ್ನು ಸಿಸ್ಟಮ್ ಮಟ್ಟದ ನೀತಿಯೇ ತಡೆಯುವುದರಿಂದ ಅಲ್ಲಿ ಇಷ್ಟು ಸಾಲದು. ಅದಕ್ಕೇ ಹಳೆಯ ಯಂತ್ರದಿಂದ ಎಳೆಯುವ ಕೆಲಸಕ್ಕೆ ನಾನು ಡೆಬಿಯನ್ ಆರಿಸುತ್ತೇನೆ.

ರೂಟ್ ಆಗಿ ಎಳೆಯಬೇಕಾದ್ದರಿಂದ ಎಸ್‌ಎಸ್‌ಎಚ್‌ನ ಲಾಗಿನ್ ಕೀಗೆ ಕಡಿವಾಣ ಬೇಕು. ಆಥರೈಸ್ಡ್ ಕೀಸ್ ಫೈಲಿನಲ್ಲಿ ಆ ಕೀಯ ಮುಂದೆ ಒಂದೇ ಆಜ್ಞೆಯನ್ನು ಕಟ್ಟಿಹಾಕಬಹುದು. ಆರ್‌ಸಿಂಕ್ ಜೊತೆ ಬರುವ ಆರ್‌ಆರ್‌ಸಿಂಕ್ ಎಂಬ ಪುಟ್ಟ ಸ್ಕ್ರಿಪ್ಟಿಗೆ ‘ಆರ್‌ಒ’ ಆಯ್ಕೆ ಕೊಟ್ಟರೆ ಆ ಕೀಯಿಂದ ಓದಲು ಮಾತ್ರ ಸಾಧ್ಯ. ಡೇಟಾಬೇಸ್ ಡಂಪ್‌ಗೆ (ಅದರ ಡೇಟಾವನ್ನೆಲ್ಲ ಪಠ್ಯವಾಗಿ ಸುರಿದ ಪ್ರತಿಗೆ) ಬೇರೆಯೇ ಕೀ, ಬೇರೆಯೇ ಆಜ್ಞೆ.

ಹೌದು, ಡೇಟಾಬೇಸ್ ಬೇರೆಯೇ. ಓಡುತ್ತಿರುವ ಮೈಎಸ್‌ಕ್ಯೂಎಲ್‌ನ ಫೈಲುಗಳನ್ನು ಆರ್‌ಸಿಂಕ್ ಮಾಡಿ ಬ್ಯಾಕಪ್ ಆಯಿತೆಂದು ಮಲಗಬೇಡಿ, ಅದು ಓಡುವ ಬಸ್ಸಿನ ಅರ್ಧ ಫೋಟೊ. ಮೈಎಸ್‌ಕ್ಯೂಎಲ್‌ಡಂಪ್ ಅನ್ನು ಹಳೆಯ ಯಂತ್ರದಲ್ಲೇ ಓಡಿಸಿ. ಸರ್ವರ್‌ನ ವಯಸ್ಸಿನದೇ ಡಂಪ್ ಪ್ರೋಗ್ರಾಮ್ ಅಲ್ಲಿದೆ, ಲೈಬ್ರರಿಯ ಜಗಳವಿಲ್ಲ. ಅದರ ಔಟ್‌ಪುಟ್ ಎಸ್‌ಎಸ್‌ಎಚ್ ಮೂಲಕ ನೇರ ಹೊಸ ಸರ್ವರ್‌ಗೆ ಹರಿಯಲಿ. ಇಂಟರ್ನೆಟ್ಟಿನ ಉದಾಹರಣೆಗಳಲ್ಲೆಲ್ಲ ‘ಸಿಂಗಲ್-ಟ್ರಾನ್ಸಾಕ್ಷನ್’ ಆಯ್ಕೆ ಕಾಣುತ್ತದೆ. ಅದು ಇನ್ನೋಡಿಬಿ ಟೇಬಲ್‌ಗಳಿಗೆ ಸರಿ. ಆದರೆ 5.1ರಲ್ಲಿ ತಾನಾಗಿ ಸಿಗುವ ಟೇಬಲ್ ಬಗೆ ಮೈಐಸ್ಯಾಮ್, ಅದಕ್ಕೆ ಟ್ರಾನ್ಸಾಕ್ಷನ್ ಎಂದರೇನೆಂದೇ ಗೊತ್ತಿಲ್ಲ. ಖಾತೆಗಳ ಟೇಬಲ್ ಒಂದು ಕ್ಷಣದ್ದು, ರಸೀದಿಗಳ ಟೇಬಲ್ ಎರಡು ನಿಮಿಷ ಆಮೇಲಿನದು ಆಗಿಬಿಟ್ಟರೆ ಲೆಕ್ಕ ತಾಳೆಯಾಗದು. ‘ಶೋ ಟೇಬಲ್ ಸ್ಟೇಟಸ್’ ಕೊಟ್ಟು ಎಂಜಿನ್ ಯಾವುದೆಂದು ನೋಡಿ. ಮೈಐಸ್ಯಾಮ್ ಇದ್ದರೆ ‘ಲಾಕ್-ಆಲ್-ಟೇಬಲ್ಸ್’ ಬಳಸಿ, ಕೌಂಟರ್ ಮುಚ್ಚಿದ ಮೇಲಿನ ಹೊತ್ತು ಆರಿಸಿ. ‘ರೂಟೀನ್ಸ್’ ಮತ್ತು ‘ಇವೆಂಟ್ಸ್’ ಆಯ್ಕೆಗಳನ್ನೂ ಕೊಡಿ, ಕೇಳದಿದ್ದರೆ ಅವು ಡಂಪ್‌ಗೆ ಬರುವುದಿಲ್ಲ. ಡಂಪ್ ಫೈಲಿನ ಕೊನೆಯ ಸಾಲು ‘ಡಂಪ್ ಕಂಪ್ಲೀಟೆಡ್’ ಎಂದಿದೆಯೇ ಎಂದು ಸ್ಕ್ರಿಪ್ಟ್ ನೋಡಲಿ, ಇಲ್ಲದಿದ್ದರೆ ನಿಮಗೆ ಮೆಸೇಜ್ ಕಳಿಸಲಿ. ಎಸ್‌ಎಸ್‌ಎಚ್ ಮಧ್ಯದಲ್ಲಿ ಕಡಿದರೂ ಫೈಲ್ ಎಂಬುದೊಂದು ಇರುತ್ತದೆ, ಗಾತ್ರವೂ ದೊಡ್ಡದೇ ಇರುತ್ತದೆ.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಟ್ಟುಕೊಂಡಿರುವ ಓದುಗರಿಗೆ: ಸೆಂಟ್‌ಒಎಸ್ 6ರ ಜೊತೆ ಬಂದದ್ದು 8.4. ಪೋಸ್ಟ್‌ಗ್ರೆಸ್ 15ರ ಪಿಜಿಡಂಪ್ 9.2ಕ್ಕಿಂತ ಹಳೆಯ ಸರ್ವರ್‌ನ ಜೊತೆ ಮಾತಾಡುವುದಿಲ್ಲ. ಅಲ್ಲೂ ಡಂಪ್ ಹಳೆಯ ಯಂತ್ರದಲ್ಲೇ ಆಗಬೇಕು.

ಇನ್ನು ಆ ಯಂತ್ರದಲ್ಲೇ ಕ್ಲೈಂಟ್ ಓಡಲೇಬೇಕು ಎಂದು ಆಡಿಟರೋ ಆಡಳಿತ ಮಂಡಳಿಯೋ ಹಠ ಹಿಡಿದರೆ? ಮೊದಲು ಮಾರಿದವರಿಗೆ ಪತ್ರ ಬರೆದು, ಸೆಂಟ್‌ಒಎಸ್ 6ಕ್ಕೆ ಬೆಂಬಲವಿದ್ದ ಕೊನೆಯ ಕ್ಲೈಂಟ್ ಯಾವುದು, ಅದು ಇಂದಿನ ಸರ್ವರ್ ಭಾಗದ ಜೊತೆ ನಡೆಯುತ್ತದೆಯೇ ಎಂದು ಕೇಳಿ. ಬ್ಯಾಕಪ್ ಸಾಫ್ಟ್‌ವೇರ್ ಬರೆಯುವವರಿಗೆ ಹಳೆಯ ಕ್ಲೈಂಟ್ ಹೊಸದೇನಲ್ಲ. ಬ್ಯಾಕುಲಾ ಎಂಬ ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಇದು ಬರೆದಿಟ್ಟ ನಿಯಮ: ಡೈರೆಕ್ಟರ್ ಮತ್ತು ಸ್ಟೋರೇಜ್ ಭಾಗಗಳು ಒಂದೇ ಆವೃತ್ತಿಯವಾಗಿರಬೇಕು, ಫೈಲ್ ಡೀಮನ್, ಅಂದರೆ ಕ್ಲೈಂಟ್, ಹಳೆಯದಿದ್ದರೆ ನಡೆಯುತ್ತದೆ, ಅವುಗಳಿಗಿಂತ ಹೊಸದಿರಬಾರದು.

ಇಲ್ಲವೇ, ಯಾವ ಲೈಬ್ರರಿಯನ್ನೂ ಕೇಳದ ಪ್ರೋಗ್ರಾಮ್ ಬಳಸಿ. ರೆಸ್ಟಿಕ್ ಅಂಥದ್ದು. ಗೋ ಭಾಷೆಯಲ್ಲಿ ಬರೆದದ್ದು, ಅಧಿಕೃತ ಬೈನರಿ ಒಂದೇ ಫೈಲು, ಜಿಲಿಬ್‌ಸಿಯ ಗೊಡವೆಯೇ ಇಲ್ಲ. ಆದರೆ ಲೈಬ್ರರಿಯ ಕೆಳಗೆ ಕರ್ನಲ್ ಇದೆಯಲ್ಲ. ನಿಮ್ಮದು 2.6.32. ಗೋ 1.23ರವರೆಗೆ ಅದು ಸಾಕಾಗಿತ್ತು, 1.24ರಿಂದ ಕನಿಷ್ಠ 3.2 ಬೇಕು. ‘ರೆಸ್ಟಿಕ್ ವರ್ಷನ್’ ಎಂದು ಕೊಟ್ಟರೆ ಯಾವ ಗೋದಲ್ಲಿ ಕಟ್ಟಿದ್ದೆಂದು ಅದೇ ಹೇಳುತ್ತದೆ. ಹೊಸ ಯಂತ್ರವೊಂದರಲ್ಲಿ ಓಡಿಸಿ ನೋಡಿಕೊಂಡು, 1.23 ಅಥವಾ ಅದಕ್ಕಿಂತ ಹಿಂದಿನ ಗೋದಲ್ಲಿ ಕಟ್ಟಿದ ಬಿಡುಗಡೆಯನ್ನು ಆರಿಸಿ. ಎಚ್‌ಟಿಟಿಪಿಎಸ್ ಕಡೆಗೆ ಕಳಿಸುವುದಾದರೆ ಹಳೆಯ ಯಂತ್ರದ ಸರ್ಟಿಫಿಕೇಟ್ ಕಟ್ಟು ಅವಧಿ ಮೀರಿರುತ್ತದೆ. ಹೊಸ ಯಂತ್ರದ ಕಟ್ಟನ್ನು ತಂದು ‘ಸಿಎಸರ್ಟ್’ ಆಯ್ಕೆಗೆ ತೋರಿಸಿ. ಲಿಬ್‌ಸಿಯಂತಲ್ಲ, ಅದು ಬರೀ ಪಠ್ಯದ ಫೈಲು, ತಂದರೆ ಏನೂ ಮುರಿಯುವುದಿಲ್ಲ.

ಕೊನೆಯ ಉಪಾಯ, ಕ್ಲೈಂಟ್‌ಗೆ ಮಾತ್ರ ಖಾಸಗಿ ಜಿಲಿಬ್‌ಸಿ. ಆಪ್ಟ್‌ನಲ್ಲಿ 2.17ರ ಪೂರ್ತಿ ಕುಟುಂಬವನ್ನಿಟ್ಟು, ಹೊಸ ಸಿ ಪ್ಲಸ್ ಪ್ಲಸ್ ಲೈಬ್ರರಿಯನ್ನೂ ಸೇರಿಸಿ, ಅಲ್ಲಿನ ಲೋಡರನ್ನೇ ಪ್ರೋಗ್ರಾಮ್‌ನಂತೆ ಕರೆದು, ‘ಲೈಬ್ರರಿ-ಪಾತ್’ ಆಯ್ಕೆ ಕೊಟ್ಟು, ಕೊನೆಗೆ ಕ್ಲೈಂಟ್‌ನ ಹೆಸರು ಬರೆಯುವುದು. ನೀವು ಮಾಡಹೊರಟಿದ್ದರ ಸರಿಯಾದ ರೂಪ ಇದು. ಜೋಡೆತ್ತು ಎರಡೂ ಹೊಸವು, ಉಳಿದ ಯಂತ್ರಕ್ಕೆ ಸೋಂಕಿಲ್ಲ. 2.17 ನಿಮ್ಮ ಕರ್ನಲ್ ಮೇಲೆ ನಡೆಯುತ್ತದೆ. 2.26ರಿಂದಾಚೆಗೆ ಕರ್ನಲ್ 3.2 ಬೇಕು. ಕಂಟೇನರ್ ಹಾಕಿದರೂ ಕರ್ನಲ್ ಹಳೆಯದೇ ಇರುವುದರಿಂದ ಅದೇ ‘ಕರ್ನಲ್ ಟೂ ಓಲ್ಡ್’. ಈ ದಾರಿಯನ್ನು ನಾನು ಎರಡು ಸಲ ಹಿಡಿದಿದ್ದೇನೆ, ಎರಡು ಸಲವೂ ಮಾರನೆಯ ವರ್ಷ ಯಾಕೆ ಹಿಡಿದೆನೋ ಅನ್ನಿಸಿತು. ಕ್ಲೈಂಟ್ ಬೇರೆ ಪ್ರೋಗ್ರಾಮ್ ಹುಟ್ಟಿಸಿದಾಗ, ಬಳಕೆದಾರರ ಹೆಸರು ಹುಡುಕಿದಾಗ, ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಂಡಾಗ ಒಂದೊಂದು ಹೊಲಿಗೆ ಬಿಚ್ಚುತ್ತದೆ.

ಎಳೆಯುವ ವಿಧಾನದಲ್ಲಿ ಒಂದು ಕೊರತೆಯಿದೆ, ಮುಚ್ಚಿಡುವುದಿಲ್ಲ. ಡೇಟಾ ಸಿಗುತ್ತದೆ, ಬೂಟ್ ಆಗುವ ಯಂತ್ರ ಸಿಗುವುದಿಲ್ಲ. ಬರೆದವರೇ ಕೈಗೆ ಸಿಗದ ಸಾಫ್ಟ್‌ವೇರ್ ಅಂದಮೇಲೆ ನಿಮಗೆ ಯಂತ್ರವೇ ಬೇಕು. ಒಂದು ಭಾನುವಾರ ಸರ್ವರ್ ನಿಲ್ಲಿಸಿ, ಕ್ಲೋನ್‌ಜಿಲ್ಲಾ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇಡೀ ಡಿಸ್ಕಿನ ಇಮೇಜ್ ತೆಗೆಯಿರಿ. ಪೆನ್‌ಡ್ರೈವ್‌ನಲ್ಲಿ ಅದರದೇ ಕರ್ನಲ್, ಅದರದೇ ಲೈಬ್ರರಿಗಳು. ಲೈಬ್ರರಿ ಹೊಂದಾಣಿಕೆಯ ಪ್ರಶ್ನೆಯೇ ಏಳುವುದಿಲ್ಲ. ಆ ಇಮೇಜನ್ನು ಹೊಸ ಯಂತ್ರದ ಕೆವಿಎಂನಲ್ಲಿ ವರ್ಚುವಲ್ ಮಷಿನ್ ಆಗಿ ಎಬ್ಬಿಸಿ ನೋಡಿ. ಮೊದಲ ಬೂಟ್‌ಗೆ ಸಾಟಾ ಅಥವಾ ಐಡಿಇ ಡಿಸ್ಕ್ ತೋರಿಸಿದರೆ ಸುಲಭ. ನೆಟ್‌ವರ್ಕ್ ತಂತಿಯನ್ನು ಜೋಡಿಸಬೇಡಿ, ಒಂದೇ ಐಪಿಯ ಎರಡು ಸರ್ವರ್ ಆದೀತು. ನೆಟ್‌ವರ್ಕ್ ಕಾರ್ಡ್ ಈಟಿಎಚ್0 ಬದಲು ಈಟಿಎಚ್1 ಎಂದು ಕಂಡರೆ ಗಾಬರಿ ಬೇಡ. ಸೆಂಟ್‌ಒಎಸ್ 6 ಹಳೆಯ ಕಾರ್ಡಿನ ಮ್ಯಾಕ್ ವಿಳಾಸವನ್ನು ಯುಡೆವ್‌ನ 70-ಪರ್ಸಿಸ್ಟೆಂಟ್-ನೆಟ್ ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಆ ಫೈಲ್ ಅಳಿಸಿ, ರೀಬೂಟ್ ಮಾಡಿ. ಈ ಸಲ ರೀಬೂಟ್ ಮಾಡಬಹುದು.

ಆ ವರ್ಚುವಲ್ ಮಷಿನ್‌ಗೇ ನಿನ್ನೆಯ ಡಂಪ್ ಅನ್ನು ರಿಸ್ಟೋರ್ ಮಾಡಿ. ಸಾಲುಗಳನ್ನು ಎಣಿಸಿ ತೃಪ್ತರಾಗಬೇಡಿ, ಅಪ್ಲಿಕೇಶನ್ ತೆರೆದು ಒಬ್ಬ ಸದಸ್ಯರ ಖಾತೆ ನೋಡಿ. 2013ರ ಸಾಫ್ಟ್‌ವೇರ್ ಅಂದರೆ ಹೆಸರುಗಳು ಯುನಿಕೋಡ್‌ನಲ್ಲಿರಬಹುದು, ನುಡಿ ಫಾಂಟಿನ ಹಳೆಯ ಸಂಕೇತಗಳಲ್ಲೂ ಇರಬಹುದು. ಡಂಪ್‌ನಲ್ಲಿ ಅಕ್ಷರಗಳು ವಿಚಿತ್ರವಾಗಿ ಕಂಡರೂ ಅಪ್ಲಿಕೇಶನ್‌ನಲ್ಲಿ ಒತ್ತಕ್ಷರ ಸಮೇತ ಸರಿಯಾಗಿ ಕಂಡರೆ ಸರಿಯೇ. ಪರೀಕ್ಷೆಗೆ ‘ಕೃಷ್ಣಮೂರ್ತಿ’ ಎಂಬ ಹೆಸರಿನ ಸದಸ್ಯರು ಸಿಕ್ಕರೆ ಅನುಕೂಲ.

ನೀವು ಕೇಳದ ಒಂದು ವಿಷಯ ಉಳಿಯಿತು. ಸಲೀಸಾಗಿ ನಡೆಯುತ್ತಿದೆ ಎಂದು ಬರೆದಿರಲ್ಲ ಆ ಸೆಂಟ್‌ಒಎಸ್ 7, ಅದರ ಅವಧಿಯೂ 2024ರ ಜೂನ್ 30ಕ್ಕೆ ಮುಗಿದಿದೆ. ನಿಮ್ಮ ಕ್ಲೈಂಟ್‌ನ ಮುಂದಿನ ಯಾವುದೋ ಆವೃತ್ತಿ ಆರ್‌ಎಚ್‌ಇಎಲ್ 8ರ ಅಳತೆಗೆ ಹೊಲಿದು ಬಂದರೆ ಜಿಲಿಬ್‌ಸಿ 2.28 ಕೇಳುತ್ತದೆ. ಆರ್‌ಎಚ್‌ಇಎಲ್ 9ರದ್ದಾದರೆ 2.34 ಕೇಳುತ್ತದೆ, ಆ ಆವೃತ್ತಿಯಲ್ಲಿ ಪ್ರೋಗ್ರಾಮ್ ಶುರುಮಾಡುವ ಫಂಕ್ಷನ್‌ಗೇ ಹೊಸ ಚೀಟಿ ಅಂಟಿಸಿದ್ದಾರೆ. ಅಂದರೆ ಏನೂ ಮಾಡದ ನಾಲ್ಕು ಸಾಲಿನ ಪ್ರೋಗ್ರಾಮನ್ನು ಅಲ್ಲಿ ಕಟ್ಟಿ ತಂದರೂ ನಿಮ್ಮಲ್ಲಿ ಓಡದು. ಇವತ್ತೇ ಆ ಸರ್ವರ್‌ನಲ್ಲಿ ಕ್ಲೈಂಟ್‌ನ ಆಟೊ ಅಪ್‌ಡೇಟ್ ನಿಲ್ಲಿಸಿ, ಪ್ಯಾಕೇಜ್‌ಗಳನ್ನು ಹಾಕುವ ಯಮ್‌ನ ವರ್ಷನ್‌ಲಾಕ್ ಪ್ಲಗಿನ್ ಹಾಕಿ ಪ್ಯಾಕೇಜನ್ನು ಈಗಿನ ಆವೃತ್ತಿಗೆ ಕಟ್ಟಿಹಾಕಿ, ಇನ್‌ಸ್ಟಾಲ್ ಮಾಡಿದ ಆರ್‌ಪಿಎಂ ಫೈಲನ್ನು ಬ್ಯಾಕಪ್ ಡಿಸ್ಕಿನಲ್ಲೇ ಒಂದು ಪ್ರತಿ ಇಟ್ಟುಕೊಳ್ಳಿ.